ವಿಲ್ಫ್ರೆಡನ ಕಲ್ಲು, ನನ್ನ ಕೊಳವೆ

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಭೇದಭಾವ ಮಾಡುವವನಲ್ಲ. ಕಂಡವರ ಬಡ್ತಿ, ಕಾರು, ತಲೆಗೂದಲು ಎಲ್ಲಕ್ಕೂ ಸಮಾನವಾಗಿ ಉರಿದುಕೊಳ್ಳುತ್ತೇನೆ. ಆದರೆ ಇನ್ನೊಬ್ಬನ ಕಿಡ್ನಿಯ ಕಲ್ಲಿಗೂ ಕರುಬಬಲ್ಲೆ ಎಂದು ಗೊತ್ತಾದದ್ದು ಒಮಾನಿಗೆ ಬಂದ ಮೇಲೆ.

ವಿಲ್ಫ್ರೆಡ್ ಮಂಗಳೂರಿನವನು. ಅಲ್ ಅಮೇರಾತ್‌ನಲ್ಲಿ ನಮ್ಮ ಎದುರು ಫ್ಲ್ಯಾಟು, ಖುರುಮ್‌ನಲ್ಲಿ ನಾನಿರುವ ಆಫೀಸಿನಲ್ಲೇ ಕೆಲಸ. ಅವನಿಗೆ ಕಲ್ಲಾದದ್ದೇ ತಡ, ನನಗೆ ಒಂದು ದಿನದ ರಜೆಗೂ ಮುಖ ಸಿಂಡರಿಸುವ ನಮ್ಮ ಬಾಸ್ "ಹಬೀಬಿ, ಮನೆಗೆ ಹೋಗು, ನೀರು ಕುಡಿ" ಎಂದು ಬೆನ್ನು ಸವರಿ ಕಳಿಸಿದರು. ಕೈಗೆ ಬಣ್ಣದ ಔಷಧಿ ಚುಚ್ಚಿ ತೆಗೆದ ಎಕ್ಸ್‌ರೇಯನ್ನು ವಿಲ್ಫ್ರೆಡ್ ಫೋನಿನಲ್ಲಿ ಇಟ್ಟುಕೊಂಡು, ಮಗುವಿನ ಫೋಟೋದಂತೆ ಎಲ್ಲರಿಗೂ ತೋರಿಸಿದ. "ಈ ಬೊಟ್ಟು ಉಂಟಲ್ಲ, ಅದೇ ನಮ್ಮ ಗಿರಾಕಿ." ನನ್ನ ಹೆಂಡತಿ ಸುಜಯಾ ಎಲ್ಲಿಂದಲೋ ಬಾಳೆದಿಂಡು ಹುಡುಕಿ ತಂದು, ರಸ ಹಿಂಡಿ, ದಿನಾ ಎದುರು ಮನೆಗೆ ಕಳಿಸತೊಡಗಿದಳು.

"ಪಾಪ, ಅಷ್ಟು ನೋವಿದ್ರೂ ಒಂದು ಸಲ ಅಯ್ಯೋ ಅನ್ಲಿಲ್ಲ ಅವ್ರು. ನಿಮ್ಗೆ ಶೀತ ಆದ್ರೆ ಉಡುಪಿವರೆಗೆ ಫೋನ್ ಹೋಗ್ತದೆ."

ಹೀಗಿರುವಾಗ ನನ್ನ ಬಲಪಕ್ಕೆಯಲ್ಲೂ ನೋವು ಶುರುವಾಯಿತು. ಸುಳ್ಳೇಕೆ, ಮೊದಲು ಖುಷಿಯೇ ಆಯಿತು. ಮೂತ್ರ ಪರೀಕ್ಷೆಯಲ್ಲಿ ರಕ್ತದ ಸುಳಿವಿದೆ ಎಂದು ಡಾಕ್ಟರು ನನಗೂ ಅದೇ ಎಕ್ಸ್‌ರೇ ಬರೆದಾಗ, ವಿಲ್ಫ್ರೆಡನದಕ್ಕಿಂತ ದೊಡ್ಡದೊಂದು ಕಲ್ಲನ್ನು ಮನಸ್ಸಿನಲ್ಲೇ ಆರಿಸಿಟ್ಟುಕೊಂಡೆ.

ಹಿಂದಿನ ದಿನ ಭೇದಿ ಮಾತ್ರೆ, ಬೆಳಿಗ್ಗೆ ಉಪವಾಸ. ಮೇಜಿನ ಮೇಲೆ ಅಂಗಾತ ಮಲಗಿಸಿ ತೋಳಿಗೆ ಔಷಧಿ ಬಿಟ್ಟರು. ಗಂಟಲಿನಿಂದ ತೊಡೆಯವರೆಗೆ ಬಿಸಿಬಿಸಿ ಹರಿಯಿತು. ಬಾಯಲ್ಲಿ ಬೀಗದ ಕೈ ನೆಕ್ಕಿದ ರುಚಿ. ಇನ್ನೇನು ಮೇಜು ಒದ್ದೆ ಮಾಡಿಬಿಟ್ಟೆ ಎಂದುಕೊಂಡೆ.

"ಘಬರಾವೋ ಮತ್ ಸಾಬ್, ಸಬ್ ಕೋ ಐಸಾ ಲಗ್ತಾ ಹೈ," ಎಲ್ಲರಿಗೂ ಹಾಗೇ ಅನ್ನಿಸುತ್ತದೆ ಎಂದು ಧೈರ್ಯ ಹೇಳಿದಳು ಎಕ್ಸ್‌ರೇ ತೆಗೆಯುವ ಮಲಯಾಳಿ ಹುಡುಗಿ. ಉಸಿರು ಹಿಡಿ, ಬಿಡು, ಅಲುಗಾಡಬೇಡ ಎನ್ನುತ್ತ ಚಿತ್ರದ ಮೇಲೆ ಚಿತ್ರ ತೆಗೆದಳು. ಇದ್ದಕ್ಕಿದ್ದಂತೆ ಡಾಕ್ಟರನ್ನು ಕರೆದಳು. ಇಬ್ಬರೂ ಗಾಜಿನಾಚೆ ಪರದೆಯತ್ತ ಬೆರಳು ತೋರಿಸಿ ಪಿಸುಗುಟ್ಟಿದರು.

ಹೊರಗೆ ಬೆಂಚಿನ ಮೇಲೆ ನನ್ನ ಚಪ್ಪಲಿ, ಕನ್ನಡಕ ಹಿಡಿದು ಕೂತ ಸುಜಯಾ ಕಣ್ಣಮುಂದೆ ಬಂದಳು. ದೇವರೇ, ಇರುವ ಕಲ್ಲೆಲ್ಲ ವಿಲ್ಫ್ರೆಡನಿಗೇ ಇರಲಿ, ಬಾಳೆದಿಂಡಿನ ರಸವನ್ನೂ ಅವನೇ ಕುಡಿಯಲಿ, ನನ್ನನ್ನು ಎದ್ದು ಹೋಗಲು ಬಿಡು ಎಂದು ಬೇಡಿಕೊಂಡೆ. ಆ ಗಳಿಗೆಯಲ್ಲಿ ನನ್ನಲ್ಲಿ ಅಸೂಯೆ ಎಳ್ಳಷ್ಟೂ ಇರಲಿಲ್ಲ.

ಡಾಕ್ಟರು ನಗುತ್ತ ಬಂದರು. ಕಲ್ಲಿಲ್ಲ, ನೋವು ಬೆನ್ನಿನ ಸ್ನಾಯುವಿನದ್ದು, ಮೂತ್ರವನ್ನು ಇನ್ನೊಮ್ಮೆ ನೋಡಿದರೆ ಸಾಕು. ಆದರೆ ಬಲ ಕಿಡ್ನಿಯಿಂದ ಒಂದರ ಬದಲು ಎರಡು ಮೂತ್ರದ ಕೊಳವೆ ಇಳಿದಿವೆ. ಹುಟ್ಟಿನಿಂದಲೇ ಹಾಗೆ, ತೊಂದರೆಯೇನಿಲ್ಲ.

ಎರಡು! ಬಟ್ಟೆ ಬದಲಿಸುವಷ್ಟರಲ್ಲಿ ನನ್ನ ಎದೆ ಉಬ್ಬಿಹೋಗಿತ್ತು. ಅವನ ಕಲ್ಲು ಇವತ್ತಲ್ಲ ನಾಳೆ ಬಿದ್ದುಹೋಗುವಂಥದ್ದು. ನನ್ನದು ಶಾಶ್ವತ ಆಸ್ತಿ! ಬೆಂಚಿನ ಮೇಲಿದ್ದ ಸುಜಯಾ ಕಲ್ಲಿಲ್ಲವೆಂದು ಕೇಳಿ ಕಣ್ಣೊರೆಸಿಕೊಂಡಳು. ಕೊಳವೆಯ ಸುದ್ದಿಗೆ "ಅದಕ್ಕೇ ದಾರಿಯುದ್ದಕ್ಕೂ ಗಾಡಿ ನಿಲ್ಲಿಸ್ಬೇಕಾಗ್ತದೆ" ಎಂದಳಷ್ಟೆ.

ನೇರ ಎದುರು ಮನೆಗೆ ಹೋಗಿ ಬೆಲ್ ಒತ್ತಿದೆ. ನನ್ನ ಎರಡು ಕೊಳವೆಗಳ ವರ್ಣನೆಯನ್ನು ವಿಲ್ಫ್ರೆಡ್ ಬಾಳೆದಿಂಡಿನ ರಸ ಹೀರುತ್ತ ಪೂರ್ತಿ ಕೇಳಿಸಿಕೊಂಡ.

"ಓ ಅದಾ ಮಾರಾಯಾ? ನನಗೆ ಎರಡೂ ಕಡೆ ಉಂಟು. ಅದನ್ನೆಲ್ಲ ಯಾರಾದ್ರೂ ಹೇಳ್ಕೊಂಡು ತಿರುಗ್ತಾರಾ ಅಂತ ಸುಮ್ಮನಿದ್ದೆ."

ಬೆನ್ನಿನ ನೋವು ಆಮೇಲೆ ಹೋಯಿತು. ಈಗ ಉರಿಯೊಂದೇ ಇದೆ. ಅದು ಯಾವ ಎಕ್ಸ್‌ರೇಯಲ್ಲೂ ಕಾಣುವುದಿಲ್ಲವಂತೆ.