ನನಗೆ ನಾನೇ ಇಟ್ಟ ದೃಷ್ಟಿಬೊಟ್ಟು

ನಮ್ಮ ದೇಶದಲ್ಲಿ ನನ್ನ ವಿಷಯದಲ್ಲಿ ನನ್ನನ್ನು ಮೀರಿಸಿದವರು ಯಾರೂ ಇಲ್ಲ. ಇದು ಜಂಬವಲ್ಲ, ವಸ್ತುಸ್ಥಿತಿ. ಯಾಕೆಂದರೆ ಆ ವಿಷಯದಲ್ಲಿ ಬೇರೆ ಯಾರೂ ಇಲ್ಲವೇ ಇಲ್ಲ!

ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಪಳೆಯುಳಿಕೆಗಳ ತಜ್ಞನಾಗಿದ್ದೆ. ಪಳೆಯುಳಿಕೆ ಎಂದ ತಕ್ಷಣ ಜನ ಡೈನೋಸಾರ್ ಎನ್ನುತ್ತಾರೆ. ತೊಂಬತ್ತರ ದಶಕದಲ್ಲಂತೂ ಸಿನಿಮಾದವರ ಕೃಪೆಯಿಂದ ಹಾಲು ಹಾಕುವವನೂ ನನ್ನನ್ನು ಡೈನೋಸಾರ್ ಬಗ್ಗೆಯೇ ಕೇಳುತ್ತಿದ್ದ. ನನ್ನದು ಬಸವನಹುಳು. ಕೋಟ್ಯಂತರ ವರ್ಷಗಳ ಹಿಂದೆ ಈ ನೆಲದ ಮೇಲೆ ಲಾವಾ ಹರಿಯಿತಲ್ಲ, ಒಂದು ಹರಿವಿಗೂ ಇನ್ನೊಂದಕ್ಕೂ ನಡುವಿನ ಕಾಲದಲ್ಲಿ ಅಲ್ಲಲ್ಲಿ ಕೆರೆಗಳಾಗಿದ್ದವು. ಆ ಕೆರೆಗಳಲ್ಲಿ ಬದುಕಿ, ಸತ್ತು, ಕಲ್ಲಾದ, ಕಡಲೆಕಾಳಿನಷ್ಟು ಗಾತ್ರದ ಬಸವನಹುಳುಗಳು. ಅವನ್ನು ಹುಡುಕಿಕೊಂಡು ನಾನು ದೌಂಡ ದಾಟಿ ಹೋಗುವ ರೈಲು ಹತ್ತಿ ಗುಲ್ಬರ್ಗಾ ಕಡೆ ಹೋಗುತ್ತಿದ್ದೆ. ಚೀಲ ಹೊತ್ತು ಮರಳಿದಾಗಲೆಲ್ಲ ಸದಾಶಿವ ಪೇಠೆಯ ನಮ್ಮ ಮನೆ ಮಾಲಕಿ ಜೋಶಿ ಕಾಕೂ ಬಾಗಿಲಲ್ಲೇ ನಿಂತಿರುತ್ತಿದ್ದರು.

"ಕಾಯ್ ಸರ್, ಸಾಪಡ್ಲಾ ಕಾ ಡೈನೋಸಾರ್?"

ಸಿಗಲಿಲ್ಲ ಎಂದರೆ, "ಸಾಪಡೇಲ್, ಸಾಪಡೇಲ್," ಸಿಕ್ಕೇ ಸಿಗುತ್ತದೆ ಎಂದು, ವಯಸ್ಸು ಮೀರಿದ ವರನಿಗೆ ಹೇಳುವಂತೆ ಸಮಾಧಾನ ಹೇಳುತ್ತಿದ್ದರು.

ಹೆಂಡತಿ ಸುಧಾ ಧಾರವಾಡದ ಹೈಸ್ಕೂಲಿನಲ್ಲಿ ಟೀಚರು. ಅವಳ ಕೆಲಸ ಇಲ್ಲಿಗೆ ಬರುವಂತಿಲ್ಲ, ನನ್ನ ಕಲ್ಲು ಅಲ್ಲಿಗೆ ಹೋಗುವಂತಿಲ್ಲ. ಭಾನುವಾರ ಎಸ್‌ಟಿಡಿ ಬೂತಿನಲ್ಲಿ ಕೆಂಪು ಅಂಕಿ ಓಡುವುದನ್ನು ನೋಡುತ್ತ ನಮ್ಮ ಸಂಸಾರ ನಡೆಯುತ್ತಿತ್ತು. ಉಳಿದ ದಿನ ನಾನು, ಒಂದು ಸ್ಟವ್ವು, ಮಂಚದ ಕೆಳಗೆ ಬಸವನಹುಳುಗಳ ಡಬ್ಬಿಗಳು. ಮಾತಾಡಲು ಜನ ಇರಲಿಲ್ಲವೆಂದಲ್ಲ. ನನ್ನ ತಲೆಯಲ್ಲಿ ಹಗಲೂ ರಾತ್ರಿ ಕೊರೆಯುತ್ತಿದ್ದ ಪ್ರಶ್ನೆಯ ಬಗ್ಗೆ ಮಾತಾಡುವವರಿರಲಿಲ್ಲ. ಆ ಹುಳುಗಳು ಕೆರೆ ಬತ್ತಿ ಸತ್ತವೋ, ಲಾವಾ ಬಂದು ಸತ್ತವೋ? ಬತ್ತಿ ಎಂದು ನನ್ನ ವಾದ. ಸಹೋದ್ಯೋಗಿಗಳಿಗೆ ಹೇಳಿದರೆ, "ಅಂತೂ ಸತ್ತವಲ್ಲ," ಎಂದು ಚಹಾಕ್ಕೆ ಹೋಗುತ್ತಿದ್ದರು.

ಹೀಗಿರುವಾಗ ಯುರೋಪಿನಿಂದ ಒಂದು ಪೋಸ್ಟ್‌ಕಾರ್ಡು ಬಂತು. ಅಲ್ಲಿ ಹೆಲ್ಗಾ ಎಂಬ ಮುದುಕಿ ಇಂಥವೇ ಹುಳುಗಳ ಮೇಲೆ ಕೆಲಸ ಮಾಡುತ್ತಿದ್ದಳು. ನನ್ನ ಲೇಖನ ಅವಳ ಕೈಗೆ ಹೇಗೋ ಸಿಕ್ಕಿತ್ತು. ಬರೆದಿದ್ದಳು: "ಮುಂದಿನ ಬೇಸಿಗೆಯಲ್ಲಿ ನಮ್ಮೂರಲ್ಲಿ ಸಭೆ ಇದೆ. ಬನ್ನಿ. ನಿಮ್ಮ ವಾದ ತಪ್ಪು. ಎದುರು ಕೂತು ಹೇಳುತ್ತೇನೆ."

ನನ್ನ ವಾದ ತಪ್ಪು ಎನ್ನುವಷ್ಟರ ಮಟ್ಟಿಗೆ ಅದನ್ನು ಓದಿದ ಜೀವವೊಂದು ಭೂಮಿಯ ಮೇಲಿದೆ! ಕಣ್ಣು ತುಂಬಿ ಬಂತು. ಹೋಗಲೇಬೇಕು. ಕೈಯಿಂದ ಹಾಕಿ ಹೋಗುವಷ್ಟು ಶಕ್ತಿ ಇರಲಿಲ್ಲ. ವಿಜ್ಞಾನಿಗಳ ವಿದೇಶ ಪ್ರಯಾಣಕ್ಕೆ ನೆರವು ಕೊಡುವ ಒಂದು ಟ್ರಸ್ಟು ಊರಿನಲ್ಲೇ ಇತ್ತು. ಅಲ್ಲಿಗೆ ಅರ್ಜಿ ಹಾಕಿದೆ. ನನಗೆ ಅಳುಕಿರಲಿಲ್ಲ. ಪೈಪೋಟಿಗೆ ಯಾರಿದ್ದಾರೆ?

ಕೆಲವು ವಾರಗಳ ಮೇಲೆ ಟ್ರಸ್ಟಿನಿಂದ ದಪ್ಪ ಲಕೋಟೆ ಬಂತು. ಇಲ್ಲ ಅನ್ನಲು ಇಷ್ಟು ಕಾಗದ ಯಾರು ಖರ್ಚು ಮಾಡುತ್ತಾರೆ? ಒಡೆಯುವ ಮೊದಲೇ ಪೇಢೆ ತಂದು ಕಾಕೂ ಕೈಗಿಟ್ಟೆ.

"ಸಾಪಡ್ಲಾ?" ಎಂದು ಅವರ ಮುಖವರಳಿತು.

ಲಕೋಟೆ ಒಡೆದೆ. ಒಳಗಿದ್ದದ್ದು ನನ್ನದೇ ಅರ್ಜಿ! ಹೆಸರಿನ ಮೇಲೆ ಬಿಳಿ ಶಾಯಿ ಬಳಿದಿದ್ದರು. ಜೊತೆಗಿದ್ದ ಪತ್ರ ಹೀಗಿತ್ತು: "ಈ ವಿಷಯದಲ್ಲಿ ದೇಶದ ಏಕೈಕ ತಜ್ಞರಾದ ತಾವು ಸದರಿ ಅರ್ಜಿಯನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸಿ ಅಭಿಪ್ರಾಯ ನೀಡಬೇಕಾಗಿ ವಿನಂತಿ."

ನಾನು ಪ್ರಾಮಾಣಿಕ ಮನುಷ್ಯ. ನೇರ ಟ್ರಸ್ಟಿಗೆ ಫೋನು ಮಾಡಿದೆ. ತಜ್ಞರಿಗೆ ಅರ್ಜಿ ಕಳಿಸುವ ಮೇಜಿನ ದೇಶಮುಖ ಬಾಯಿ ಎಂಬ ಹೆಂಗಸು ಫೋನು ಎತ್ತಿಕೊಂಡರು. ನಾನು ನನ್ನ ಹರಕು ಮರಾಠಿಯಲ್ಲಿ, "ಬಾಯಿ, ಈ ಅರ್ಜಿ ಹಾಕಿದವನು ಬೇರೆ ಯಾರೂ ಅಲ್ಲ..." ಎಂದು ಶುರು ಮಾಡಿದೆ.

"ಹೆಸರು ಹೇಳಬೇಡಿ ಸರ್!" ಎಂದು ಆಕೆ ಚೀರಿದರು. "ಗುಪ್ತವಾಗಿರಬೇಕು. ಅದು ಅರ್ಜಿ ಮೇಜಿನ ವಿಷಯ. ಆ ಮೇಜಿನವರೂ ನಾನೂ ಮಾತು ಬಿಟ್ಟಿದ್ದೇವೆ."

"ಹಾಗಾದರೆ ಬೇರೆ ತಜ್ಞರಿಗೆ ಕಳಿಸಿ."

"ಬೇರೆಯವರು ಎಲ್ಲಿದ್ದಾರೆ ಸರ್? ನೀವು ಬರೆಯದಿದ್ದರೆ ಫೈಲು ಮುಚ್ಚುತ್ತದೆ. ಪಾಪ, ಆ ಮನುಷ್ಯನ ಗತಿ ನೋಡಿ."

ಆ ಮನುಷ್ಯನ ಗತಿ ನೆನೆದು ನನಗೂ ಅಯ್ಯೋ ಅನ್ನಿಸಿತು. ಭಾನುವಾರ ಸುಧಾಳಿಗೆ ಹೇಳಿದೆ. ಅವಳು ನಕ್ಕಿದ್ದರಲ್ಲೇ ಒಂದು ನಿಮಿಷದ ಬಿಲ್ಲು ಏರಿತು.

"ಬರೀರಿ ಮತ್ತ! ನಿಮ್ಮ ಬಗ್ಗೆ ನಿಮಗಿಂತ ಛಲೋ ಬರಿಯವ್ರು ಯಾರದಾರ?"

"ತನ್ನ ಬೆನ್ನು ತಾನೇ ತಟ್ಟಿಕೊಂಡಂಗ ಆಗ್ತದಲ್ಲೇ ಸುಧಾ. ನಾಚಿಕಿ ಬರ್ತದ."

"ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತೀರಿ? ಕೂಸಿಗೆ ಎಷ್ಟು ಛಂದ ಸಿಂಗಾರ ಮಾಡಿದ್ರೂ ಗಲ್ಲಕ್ಕ ಒಂದು ಕಾಡಿಗಿ ಬೊಟ್ಟು ಇಡೂದಿಲ್ಲೇನು? ಹಂಗ ಕಡೀಕ ಒಂದು ಸಣ್ಣ ತಪ್ಪು ಹುಡುಕಿ ಇಡ್ರಿ. ಯಾರ ಕಣ್ಣೂ ತಾಗೂದಿಲ್ಲ."

ಹೆಂಡತಿಯ ಬುದ್ಧಿ ಹೆಂಡತಿಗೇ ಸರಿ! ಕೂತು ಬರೆದೆ. "ಅರ್ಜಿದಾರರು ಸಮರ್ಥರು, ಕಷ್ಟಸಹಿಷ್ಣುಗಳು, ಸಭೆಗೆ ಹೋಗಲು ಸರ್ವಥಾ ಯೋಗ್ಯರು." ಕಿವಿ ಬಿಸಿಯಾಯಿತು. ಇನ್ನು ಬೊಟ್ಟು. "ಸಿಕ್ಕ ಚಿಪ್ಪುಗಳೆಲ್ಲ ಸಣ್ಣವು, ಬೆಳೆಯುವ ಮೊದಲೇ ಸತ್ತವು, ಆದ್ದರಿಂದ ಕೆರೆ ಬತ್ತುತ್ತಿತ್ತು ಎನ್ನುತ್ತಾರೆ. ದೊಡ್ಡವು ಬೇರೆಡೆ ಇರಬಾರದೇಕೆ?" ಎಂದು ಬರೆದು ಪೆನ್ನು ಮುಚ್ಚಿದೆ.

ಮುಚ್ಚಿದ ಪೆನ್ನು ತೆರೆದೆ. ಪ್ರಶ್ನೆ ಚೆನ್ನಾಗಿತ್ತು! ಇಷ್ಟು ವರ್ಷಗಳಲ್ಲಿ ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ನೀರಿನ ಸೆಳೆತಕ್ಕೆ ಸಣ್ಣವು ಒಂದು ಕಡೆ, ದೊಡ್ಡವು ಒಂದು ಕಡೆ ಸೇರಿರಬಹುದಲ್ಲವೇ?" ಎಂದು ಸೇರಿಸಿದೆ. ಎದುರಿನ ಖಾಲಿ ಕುರ್ಚಿಯಲ್ಲಿ ಯಾರೋ ಕೂತು, "ಸಾಧ್ಯವಿಲ್ಲ" ಎಂದಂತಾಯಿತು. "ಯಾಕೆ ಸಾಧ್ಯವಿಲ್ಲ?" ಎಂದು ಇನ್ನೊಂದು ಪುಟ ಬರೆದೆ. ಸ್ಟವ್ವಿನ ಮೇಲೆ ಅನ್ನ ಸೀದುಹೋಯಿತು. "ಚಿಪ್ಪು ಸಿಕ್ಕ ಹೊಲದ ಆಚೆ ಬದಿಯನ್ನು ಅರ್ಜಿದಾರರು ನೋಡಿದ್ದಾರೆಯೇ, ಅಥವಾ ಬಿಸಿಲೇರಿತೆಂದು ಮನೆಗೆ ಹೊರಟುಹೋದರೇ?" ಎಂದೂ ಕೇಳಿಬಿಟ್ಟೆ. ಅಷ್ಟು ಸಂತೋಷವಾಗಿ ನಾನು ಪುಣೆಯಲ್ಲಿ ಒಂದು ಮಧ್ಯಾಹ್ನವನ್ನೂ ಕಳೆದಿರಲಿಲ್ಲ. ಅದೇ ಖುಷಿಯಲ್ಲಿ ಅಂಚೆಗೆ ಹಾಕಿದೆ. ಕೂಸಿನ ಗಲ್ಲಕ್ಕಿಡಬೇಕಾದ ಬೊಟ್ಟನ್ನು ಮುಖಕ್ಕೆಲ್ಲ ಮೆತ್ತಿದ್ದೆನೆಂದು ಹೊಳೆದದ್ದು ಲಕೋಟೆ ಡಬ್ಬಿಯೊಳಗೆ ಬಿದ್ದಮೇಲೆ!

ಅರ್ಜಿ ತಿರಸ್ಕೃತವಾಯಿತು. "ತಜ್ಞರ ಗಂಭೀರ ಆಕ್ಷೇಪಗಳ ಹಿನ್ನೆಲೆಯಲ್ಲಿ" ಎಂದು ಬರೆದು ಆಕ್ಷೇಪಗಳ ಪ್ರತಿಯನ್ನೂ ಲಗತ್ತಿಸಿದ್ದರು. ಓದಿದೆ. ಬಿಸಿಲಿನ ಮಾತಿಗೆ ಬಂದಾಗ ಮೈ ಉರಿಯಿತು. ನಾನು ಅಂದು ಬಿಸಿಲೇರಿತೆಂದು ಮನೆಗೆ ಹೋಗಿದ್ದು ನಿಜ. ಆದರೆ ಅದನ್ನು ಟ್ರಸ್ಟಿನವರ ಮುಂದೆ ಆಡುವುದೇ? ಎಂಥ ಮನುಷ್ಯ!

ಮೇಲ್ಮನವಿಗೆ ಅವಕಾಶವಿತ್ತು. ಕತ್ತಿ ಮಸೆದು ಕೂತೆ. "ಮಾನ್ಯ ತಜ್ಞರು ಹೊಲಕ್ಕೆ ಕಾಲಿಡದೆ ಕುರ್ಚಿಯಲ್ಲಿ ಕೂತು ಕೆರೆ ಅಳೆಯುವವರೆಂದು ತೋರುತ್ತದೆ" ಎಂದು ಶುರುಮಾಡಿ, ಒಂದೊಂದು ಆಕ್ಷೇಪಕ್ಕೂ ಉತ್ತರ ಕೊಟ್ಟೆ. ಒಳ್ಳೆಯ ಉತ್ತರಗಳೇ. ಟ್ರಸ್ಟಿನವರು ಅದನ್ನು ಯಥಾಪ್ರಕಾರ ಅಭಿಪ್ರಾಯಕ್ಕಾಗಿ ತಜ್ಞರಿಗೆ ಕಳಿಸಿದರು.

ಅಂದರೆ ನನಗೆ!

ಈ ಸಲ ದೇಶಮುಖ ಬಾಯಿಯೇ ಸಂಸ್ಥೆಗೆ ಫೋನು ಮಾಡಿದರು. "ಸರ್, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಆ ಅರ್ಜಿದಾರ ಜಗಳಗಂಟ ಅಂತ ಕಾಣುತ್ತದೆ. ನಿಮ್ಮಂಥ ದೊಡ್ಡವರಿಗೆ ಹೀಗೆ ಬರೆಯುವುದೇ?"

"ಇರಲಿ ಬಾಯಿ," ಎಂದೆ, ನೋವು ನುಂಗಿಕೊಂಡು. "ಅವನ ಮಾತಲ್ಲೂ ಅರ್ಥ ಇದೆ."

ಈ ಬಾರಿ ಬೊಟ್ಟು ಗಿಟ್ಟು ಇಡದೆ, "ಅರ್ಜಿದಾರರ ಉತ್ತರದಿಂದ ಸಂಪೂರ್ಣ ತೃಪ್ತನಾಗಿದ್ದೇನೆ. ತಪ್ಪು ನನ್ನದೇ" ಎಂದು ಒಂದೇ ಸಾಲು ಬರೆದು ಕಳಿಸಿದೆ. ನೆರವು ಮಂಜೂರಾಯಿತು. ಆದೇಶ ಕೈಗೆ ಬರುವಷ್ಟರಲ್ಲಿ ಯುರೋಪಿನಲ್ಲಿ ಸಭೆ ಮುಗಿದು, ಬೇಸಿಗೆಯೂ ಮುಗಿದಿತ್ತು. ಅದೇ ದಿನದ ಟಪಾಲಿನಲ್ಲಿ ತಜ್ಞರ ಮೇಜಿನಿಂದ ಇನ್ನೊಂದು ಲಕೋಟೆಯೂ ಬಂದಿತ್ತು. ಬಂಗಾರದ ಅಂಚಿನ ಪ್ರಶಸ್ತಿ ಪತ್ರ! ತನ್ನ ಅಭಿಪ್ರಾಯವನ್ನು ತಿದ್ದಿಕೊಳ್ಳುವ ದೊಡ್ಡ ಮನಸ್ಸು ತೋರಿದ ನಿಷ್ಪಕ್ಷಪಾತಿ ತಜ್ಞನಿಗೆ ಟ್ರಸ್ಟಿನ ಗೌರವ. ನನ್ನ ವೃತ್ತಿಜೀವನದಲ್ಲಿ ನನಗೆ ಸಿಕ್ಕ ಮನ್ನಣೆ ಅದೊಂದೇ. ಜೋಶಿ ಕಾಕೂ ಅದಕ್ಕೆ ಕುಂಕುಮ ಹಚ್ಚಿ, ಡೈನೋಸಾರ್ ಸಿಕ್ಕಿದ್ದಕ್ಕೆ ಕೊಟ್ಟದ್ದೆಂದು ಇಡೀ ಓಣಿಗೆ ಹೇಳಿದರು.

ಹೆಲ್ಗಾಳ ಪೋಸ್ಟ್‌ಕಾರ್ಡೂ ಬಂತು. "ನಿಮ್ಮ ಕುರ್ಚಿ ಖಾಲಿ ಇತ್ತು. ನಮ್ಮ ವಿಷಯ ಕೇಳಲು ಬೇರೆ ಯಾರೂ ಬರಲಿಲ್ಲ. ನಿಮ್ಮ ಪರವಾಗಿಯೂ ನಾನೇ ವಾದಿಸಿದೆ."

ಅದನ್ನು ಮೊದಲಿನ ಕಾರ್ಡಿನ ಜೊತೆ ಬಸವನಹುಳುಗಳ ಡಬ್ಬಿಯಲ್ಲಿಟ್ಟೆ. ಅವಳನ್ನು ನೆನೆದು ಸಂಕಟವಾಯಿತು, ನನ್ನನ್ನು ನೆನೆದೂ ಆಯಿತು.

ಭಾನುವಾರ ಬೂತಿಗೆ ಹೋದೆ.

"ಏನ್ರೀ, ಧ್ವನಿ ಯಾಕ ಹಿಂಗಾಗೇದ?" ಎಂದಳು ಸುಧಾ. "ಆ ತಜ್ಞನ ಜೋಡಿ ಜಗಳಾ ಇನ್ನೂ ನಡದದೇನು?"

"ಇಲ್ಲ. ರಾಜಿ ಆತು."

"ಛಲೋ ಆತಲ್ರಿ ಮತ್ತ!"

ಏನು ಛಲೋ? ಇಡೀ ಪುಣೆಯಲ್ಲಿ ಬಸವನಹುಳುವಿನ ಬಗ್ಗೆ ನನ್ನ ಜೊತೆ ಜಗಳವಾಡಲು ಇದ್ದವನು ಅವನೊಬ್ಬ. ಅವನೂ ನನ್ನ ಮಾತು ಒಪ್ಪಿಕೊಂಡುಬಿಟ್ಟ!