ಮಾವನ ಕಾರು ಮತ್ತು ಕಾವಲಿಯ ಹಿಡಿಸೂಡಿ

ನನ್ನ ಸೋದರಮಾವನಷ್ಟು ಚೆನ್ನಾಗಿ ಕಾರು ಓಡಿಸುವವರು ಇಡೀ ಚೆನ್ನೈಯಲ್ಲಿಲ್ಲ. ನಿಲ್ಲಿಸುವುದೊಂದೇ ಅವರಿಗೆ ಕಷ್ಟ! ಬ್ರೇಕೇನೋ ಸರಿಯಿದೆ ಸ್ವಾಮಿ. ಸಿಗ್ನಲ್‌ನಲ್ಲಿ ನಿಂತೊಡನೆ ಎಂಜಿನ್ ಒಮ್ಮೆ ಏದುಸಿರು ಬಿಡುತ್ತದೆ, ಒಮ್ಮೆ ಉಸಿರು ಹಿಡಿಯುತ್ತದೆ, ಆಮೇಲೆ ಬಂದ್ ಆಗಿಯೇ ಬಿಡುತ್ತದೆ.

ಅದು ಮೂವತ್ತೈದು ವರ್ಷ ಹಳೆಯ ವಿದೇಶಿ ಕಾರು. ಆ ಕಾಲಕ್ಕೇ ಫ್ಯುಯಲ್ ಇಂಜೆಕ್ಷನ್ ಎಂಬ ಜಂಬ ಬೇರೆ! ಮೈಲಾಪೂರಿನಲ್ಲಿ ಹೋಟೆಲ್ ನಡೆಸುವ ಮಾವ ಪ್ರತಿ ಸಿಗ್ನಲ್‌ನಲ್ಲೂ ಎಡಗೈಯಿಂದ ಹ್ಯಾಂಡ್‌ಬ್ರೇಕ್ ಜಗ್ಗಿ ಹಿಡಿದು, ಬಲಗಾಲಿನಿಂದ ಆಕ್ಸಿಲರೇಟರ್ ಒತ್ತುತ್ತ ಅದರ ಜೀವ ಕಾಯುತ್ತಿದ್ದರು. ಪಕ್ಕದಲ್ಲಿ ಅತ್ತೆ. ಅವರಿಗೆ ನಡುಕದ ಕಾಯಿಲೆ. ಕೈಯನ್ನು ಸುಮ್ಮನೆ ಮಡಿಲಲ್ಲಿಟ್ಟರೂ ಬೆರಳು ಅದುರುತ್ತವೆ. ವಾರಕ್ಕೊಮ್ಮೆ ಆಸ್ಪತ್ರೆಗೆ ಈ ಕಾರಿನಲ್ಲೇ ಹೋಗಬೇಕು. ಒಮ್ಮೆ ನಡುರಸ್ತೆಯಲ್ಲಿ ಎಂಜಿನ್ ಆರಿ, ಹಿಂದಿನ ಬಸ್ಸು ಹಾರ್ನ್ ಹೊಡೆದಾಗ ಅತ್ತೆ ಬೆಚ್ಚಿಬಿದ್ದರು.

"ಇನ್ನೊಂದು ಸಲ ಬಂದ್ ಆದ್ರೆ ನಾನು ಆಟೋದಲ್ಲಿ ಹೋಗ್ತೇನೆ. ನೀವು ಈ ಕಾರನ್ನೇ ಕಟ್ಟಿಕೊಂಡಿರಿ!"

ಆಟೋದ ಕುಲುಕಾಟ ಅತ್ತೆಯ ಮೈಗೆ ಆಗದು. ಮಾವ ಹೌಹಾರಿದರು.

ರಾಯಪುರಂನ ಮೆಕ್ಯಾನಿಕ್ ಬಾನೆಟ್ ಎತ್ತಿ ಕಾರ್ಬೊರೇಟರ್ ಹುಡುಕಿದ. ಇಂಜೆಕ್ಷನ್ ಕಾರಿನಲ್ಲಿ ಇಲ್ಲದ್ದು ಸಿಗುವುದೆಲ್ಲಿ? "ವಿತ್ತುಡುಂಗ ಸಾರ್" ಎಂದ.

"ಮಾರುದಾ? ನಿನ್ನ ಸ್ಪ್ಯಾನರ್ ಮಾರು ಮಾರಾಯ!" ಎಂದು ಮಾವ ಕನ್ನಡದಲ್ಲೇ ಗದರಿ ಹೊರಟರು. ಪ್ಲಗ್ ಬದಲಾಯಿತು, ಫಿಲ್ಟರ್ ಬದಲಾಯಿತು, ಡ್ಯಾಶ್‌ಬೋರ್ಡಿನ ಗಣಪತಿಯೂ ಬದಲಾದ. ಎಂಜಿನ್ನಿನ ಬುದ್ಧಿ ಬದಲಾಗಲಿಲ್ಲ.

ಎಲ್ಲೋ ಬಿರುಕಿನಿಂದ ಬೇಡದ ಗಾಳಿ ಒಳಗೆ ಹೋಗುತ್ತಿದೆ ಎಂದು ಮಾವನ ಅನುಮಾನ. ಗಾಳಿ ಕಣ್ಣಿಗೆ ಕಾಣಬೇಕಲ್ಲ? ಒಂದು ಭಾನುವಾರ ಹೋಟೆಲಿನ ಹಿಂದೆ ಎಂಜಿನ್ ಚಾಲೂ ಮಾಡಿ, ದೋಸೆ ಕಾವಲಿಗೆ ನೀರು ಚಿಮುಕಿಸಿ ಗುಡಿಸುವ ಹಿಡಿಸೂಡಿಯನ್ನೇ ತಂದರು! ಅದನ್ನು ನೀರಲ್ಲಿ ಅದ್ದಿ, ವೈರುಗಳನ್ನು ತಪ್ಪಿಸಿ, ಒಂದೊಂದೇ ರಬ್ಬರ್ ಪೈಪಿನ ಮೇಲೆ ಚಿಮುಕಿಸುತ್ತ ಹೋದರು.

"ಮಾವ, ಮಸಾಲೆಯಾ, ಸಾದಾವಾ?" ಎಂದೆ.

"ಬಾಯಿ ಮುಚ್ಚಿ ಕೇಳು. ಕಾವಲಿಯ ಹದ ನಾನು ನೋಡುವುದೇ ಕಿವಿಯಲ್ಲಿ."

ಮೂರನೆಯ ಪೈಪಿಗೆ ಹನಿ ಬಿದ್ದದ್ದೇ ತಡ, ಎಂಜಿನ್ನಿನ ಏದುಸಿರು ನಿಂತಿತು! ಬಿರುಕಿಗೆ ನೀರು ಅಡ್ಡ ನಿಂತಷ್ಟು ಹೊತ್ತು ಗಾಳಿ ಒಳಗೆ ಹೋಗಲಿಲ್ಲ; ನೀರು ಒಣಗಿದೊಡನೆ ಮತ್ತೆ ಶುರು. ಬಿರುಕು ಸಿಕ್ಕಿತ್ತು. ಇಷ್ಟು ದಿನ ನಮ್ಮನ್ನು ಆಡಿಸಿದ್ದು ಗೇಣುದ್ದದ ಪೈಪು.

ಹೊಸ ಪೈಪು ಹಾಕಿದ ವಾರ ಆಸ್ಪತ್ರೆಗೆ ನಾನೂ ಹೋದೆ. ಸಿಗ್ನಲ್ ಕೆಂಪಾಯಿತು. ಅತ್ತೆ ಗಟ್ಟಿಯಾಗಿ ಕಣ್ಣು ಮುಚ್ಚಿದರು. ಎಂಜಿನ್ ಒಂದೇ ಸಮನೆ ಗುನುಗುತ್ತಿತ್ತು. ಮಾವ ಹ್ಯಾಂಡ್‌ಬ್ರೇಕ್ ಬಿಟ್ಟು, ಅತ್ತೆಯ ಅದುರುವ ಕೈ ಹಿಡಿದುಕೊಂಡರು.

"ಬಂದ್ ಆಗ್ಲಿಲ್ವಾ?" ಅತ್ತೆ ಕಣ್ಣು ತೆರೆಯಲಿಲ್ಲ.

"ಇಲ್ಲ ಮಾರಾಯ್ತಿ. ಇಷ್ಟು ದಿನ ನನ್ನ ಕೈಗೆ ಬಿಡುವೇ ಇರಲಿಲ್ಲ."

ಹಸಿರು ಬಿತ್ತು, ಹಿಂದಿನ ಬಸ್ಸು ಹಾರ್ನ್ ಹೊಡೆಯಿತು. ಅತ್ತೆ ಬೆಚ್ಚಲಿಲ್ಲ. ಗೇರ್ ಹಾಕಬೇಕಾದ ಕೈಯನ್ನು ಮಾವ ತೆಗೆಯಲೂ ಇಲ್ಲ.