ಟ್ರಯಲ್ ನೋಡಿದ ಮನೆ

ನಮ್ಮ ಗಂಡಹೆಂಡಿರ ವಿಷಯದಲ್ಲಿ ನೆರೆಹೊರೆಯವರು ಒಂದು ಮಾತು ಹೇಳುತ್ತಿದ್ದರು: "ಆ ಟೈಲರ್ ಜೋಡಿಗೆ ಬಟ್ಟೆ ಕೊಡಬಹುದು, ಕಿವಿ ಮಾತ್ರ ಕೊಡಬಾರದು." ನಾವು ಸದಾ ಜಗಳವಾಡುತ್ತೇವಂತೆ! (ಜಗಳವೆಲ್ಲಿ ಬಂತು? ಅವಳು ಮಾತಾಡುತ್ತಾಳೆ, ನಾನು ತಪ್ಪೊಪ್ಪಿಕೊಳ್ಳುತ್ತೇನೆ.)

ಸೂಜಿಯ ಕಣ್ಣು ನನ್ನ ಕಣ್ಣಿಗೆ ಕಾಣದಂತಾದ ಮೇಲೆ ನನಗೊಂದು ಮಹದಾಲೋಚನೆ ಹೊಳೆಯಿತು. ಕೂಡಿಟ್ಟದ್ದರಲ್ಲಿ ಒಂದು ಪುಟ್ಟ ಮನೆ ಕೊಂಡು ಬಾಡಿಗೆಗೆ ಬಿಟ್ಟರೆ, ಮಷಿನ್ ತುಳಿಯದೆಯೇ ಮುದಿತನ ಕಳೆಯಬಹುದಲ್ಲ! ಹಿಂದಿನ ಬೀದಿಯಲ್ಲಿ ಹೆಡ್‌ಮಾಸ್ಟರರ ಮನೆ ಅರ್ಧ ಬೆಲೆಗೆ ಮಾರಾಟಕ್ಕಿತ್ತು. (ಮಾಲೀಕರೇ ಬೇರೆ ಕಡೆ ಬಾಡಿಗೆಗಿದ್ದರು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.)

"ಅರ್ಧ ಬೆಲೆ ಯಾಕಂತೆ?" ಎಂದಳು ನನ್ನವಳು.

"ಬಾಡಿಗೆಗೆ ಬಂದೋರು ಯಾರೂ ನಿಲ್ತಾ ಇಲ್ವಂತೆ ಕಣೇ."

"ಅಗ್ಗ ಅಂತ ಮುಗ್ಗಿದ ಜೋಳ ತರೋ ಬುದ್ಧಿ ನಿಮ್ದು! ಒಂದು ಅಂಗಿಗೇ ಟ್ರಯಲ್ ನೋಡ್ತೀವಿ, ಮನೆಗೆ ಬೇಡ್ವಾ?"

ಹೀಗೆ ಆರಂಭವಾಯಿತು ಗೃಹಟ್ರಯಲ್ ಎಂಬ ಮಹಾಪ್ರಯೋಗ. ಕೆಲವು ದಿನ ಅಲ್ಲೇ ಇದ್ದು ನೋಡುತ್ತೇವೆಂದೆವು. ಹೆಡ್‌ಮಾಸ್ಟರು 'ಇದ್ದು ನೋಡಿ, ಬಿಟ್ಟು ಓಡಿ' ಎನ್ನುವ ಮುಖದಲ್ಲಿ ಬೀಗದ ಕೈ ಕೊಟ್ಟರು.

ಬಾಗಿಲು ಹಾಕಿದರೆ ಕಿಟಕಿ ತೆರೆದುಕೊಳ್ಳುತ್ತಿತ್ತು. ಬಚ್ಚಲ ನೀರು ಅಡುಗೆಮನೆಯ ಕ್ಷೇಮ ವಿಚಾರಿಸಲು ಬರುತ್ತಿತ್ತು. ಬೇರೆ ಯಾರೇ ಆಗಿದ್ದರೂ ಇದನ್ನೆಲ್ಲ ತೋರಿಸಿ ಬೆಲೆ ಇನ್ನಷ್ಟು ಇಳಿಸುತ್ತಿದ್ದರು. ಆದರೆ ನಮ್ಮದು ಟೈಲರ್ ಕೈ! ನೇತಾಡುವ ದಾರ ಕಂಡರೆ, ಅಂಗಿ ಯಾರದಾದರೇನು, ಕತ್ತರಿಸದೆ ಬಿಡದು. ನಾನು ಬಾಗಿಲಿನ ಅಂಚು ಹೆರೆದೆ. ಅವಳು ಬಚ್ಚಲ ಬಿರುಕಿಗೆ ಸಿಮೆಂಟಿನ ತೇಪೆ ಹಾಕಿದಳು. ಗೋಡೆಗೆ ಸುಣ್ಣ ಬಿತ್ತು, ಕಿಟಕಿಗೆ ಪರದೆ ಏರಿತು.

"ರೀ, ಈಗ ಮನೆ ಮೈಗೆ ಸರಿಯಾಗಿ ಕೂತಿದೆ. ತಗೊಂಡ್‌ಬಿಡೋಣ," ಎಂದಳು. (ಮದುವೆಯಾದಾಗಿನಿಂದ ನನ್ನ ಆಲೋಚನೆಯೊಂದು ಪಾಸಾದದ್ದು ಅದೇ ಮೊದಲು.)

ಹೆಡ್‌ಮಾಸ್ಟರು ಬಂದರು. ಬಾಗಿಲು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಬಚ್ಚಲಿಗೆ ಒಂದು ಬಕೆಟ್ ನೀರು ಸುರಿದು, ಅದು ಶಿಸ್ತಾಗಿ ಹೊರಗೆ ಹೋಗುವುದನ್ನು ನೋಡುತ್ತ ನಿಂತರು.

"ಟೈಲರೇ, ನನ್ನ ಮನೆ ಇಷ್ಟು ಚೆನ್ನಾಗಿದೆ ಅಂತ ನಂಗೇ ಗೊತ್ತಿರ್ಲಿಲ್ಲ!"

"ಹಾಗಾದ್ರೆ ಮುಂಗಡ..."

"ಏನ್ ಮುಂಗಡ? ನಾವೇ ಬಂದು ಇರ್ತೀವಿ. ನಿಮಗಾದ ಖರ್ಚು ಹೇಳಿ, ಕೊಟ್ಬಿಡ್ತೀನಿ."

ಮನೆಗಿದ್ದ ಅಗ್ಗವನ್ನು ನಾವೇ ಉಜ್ಜಿ ಉಜ್ಜಿ ತೊಳೆದುಬಿಟ್ಟಿದ್ದೆವು!

ಸಾಮಾನು ಕಟ್ಟಿ, ಕೊನೆಯ ಸಲ ಹೊಸ್ತಿಲು ದಾಟುವಾಗ ನನ್ನ ಮುಖ ಇಸ್ತ್ರಿ ಕಾಣದ ಅಂಗಿಯಂತಿತ್ತು. ಎದುರು ಮನೆಯಾಕೆ ಕೂಗಿದರು: "ಅಕ್ಕಾ, ನಮ್ದೂ ಒಂದು ಹಳೇ ಮನೆ ಇದೆ. ಸೂರೆಲ್ಲ ಸೋರುತ್ತೆ, ಅಗ್ಗಕ್ಕೇ ಕೊಡ್ತೀವಿ. ಇದ್ದು ನೋಡ್ತೀರಾ?"

'ಬೇಡ' ಎನ್ನಲು ನಾನು ಬಾಯಿ ತೆರೆದೆ.

"ನಾಳೆನೇ ಬರ್ತೀವಿ!" ಎಂದಳು ನನ್ನವಳು. "ಆದ್ರೆ ಕಾಗದಕ್ಕೆ ಸಹಿ ಬೀಳೋವರ್ಗೂ ಇವರ ಎರಡೂ ಕೈ ಕಟ್ಟಿ ಕೂರಿಸಿರ್ತೀನಿ."

ಹಾಗೆನ್ನುತ್ತಲೇ ಅವಳು ಹೆಡ್‌ಮಾಸ್ಟರರ ಗೇಟಿನ ಸಡಿಲ ಚಿಲಕದತ್ತ ಬಗ್ಗಿ, ಹಿಂದೆ ತಿರುಗಿಯೂ ನೋಡದೆ ನನ್ನ ಕಡೆ ಕೈಚಾಚಿದಳು. ನಾನು ಸ್ಕ್ರೂಡ್ರೈವರ್ ಕೊಟ್ಟೆ. ಚಿಲಕ ಬಿಗಿಯಾದ ಮೇಲೆಯೇ ನಾವು ಬೀದಿಗಿಳಿದದ್ದು.